ಕೊಡ್ಲಿ ಸಿದ್ರಾಮನ ಸಮಾಧಿಯ ದಾರಿ

ಮಾರ್ಚ್ ತಿಂಗಳ ಕೊನೆಯ ವಾರ, ಬೆಳಗಿನ ಆರೂ ಕಾಲಿನ ಬಸ್ಸಿಗೆ ವಿಜಯಪುರದಿಂದ ಕಲಬುರಗಿಗೆ ಹೊರಟೆ. ನೂರಾ ಅರವತ್ತು ಕಿಲೋಮೀಟರಿನ ಆಜುಬಾಜು ದಾರಿ, ನಾಲ್ಕು ತಾಸಿನ ಪ್ರಯಾಣ. ಆಧಾರ್ ಕಾರ್ಡು ತೋರಿಸಿದ ಕೂಡಲೇ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ. ಪುಕ್ಕಟೆ ಪ್ರಯಾಣವೆಂದರೆ ನನಗೆ ಈ ವಯಸ್ಸಿನಲ್ಲೂ ಹಬ್ಬ. ಆ ದಿನ ಮಾತ್ರ ಟಿಕೆಟ್ಟನ್ನು ಚೀಲಕ್ಕೆ ತುರುಕಿ ಸುಮ್ಮನೆ ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಎಪ್ಪತ್ತು ದಾಟಿದ ಹೆಂಗಸೊಬ್ಬರ ಮುಂದೆ ಕುಳಿತು, ನಾನು ಬರೆದದ್ದು ಸುಳ್ಳು ಎಂದು ಒಪ್ಪಿಕೊಳ್ಳುವುದಕ್ಕೆ ಹೊರಟಿದ್ದೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವಳು ನಾನು. ರಾಜರ ಪಾಠ ಮಾಡಿದಾಗ ಹುಡುಗರು ಆಕಳಿಸುತ್ತಿದ್ದರು. ಕೊಲೆಗಡುಕರ ಸುದ್ದಿ ಎತ್ತಿದರೆ ಹಿಂದಿನ ಬೆಂಚಿನವನೂ ಕಿವಿ ನಿಮಿರಿಸುತ್ತಿದ್ದ. ನಿವೃತ್ತಿಯಾದ ಮೇಲೆ ನಮ್ಮ ಸೀಮೆಯಲ್ಲಿ ಹೆಸರು ಮಾಡಿದ ಕೊಲೆಗಡುಕರು, ಸರಕಾರಕ್ಕೂ ಸಾಹುಕಾರರಿಗೂ ಹೆದರದ ಪುಂಡರು, ಇವರ ಬದುಕನ್ನೇ ಹುಡುಕಿ ಹುಡುಕಿ ಒಂದು ಪುಸ್ತಕ ಬರೆದೆ. ಹೆಂಗಸಾಗಿ ಇದೇನು ಹುಚ್ಚು ಎಂದು ನೆಂಟರು ಮೂಗು ಮುರಿದರು. ಮೂಗು ಮುರಿದವರೇ ಮೊದಲು ಓದಿ ಮುಗಿಸಿದರು.

ಅದರಲ್ಲಿ ಎಲ್ಲರೂ ಮೆಚ್ಚಿದ ಅಧ್ಯಾಯ ಕಮಲಾಪುರದ ಕೊಡ್ಲಿ ಸಿದ್ರಾಮನದು. ಮೂರು ಜನರನ್ನು ಕೊಡಲಿಯಿಂದ ಕಡಿದವನು. ಹಾಡಹಗಲು ಸಂತೆಯ ನಡುವೆ ನಿಂತು ಪೊಲೀಸ್ ಫೌಜದಾರನನ್ನೇ ಹೆಸರು ಹಿಡಿದು ಕರೆದವನು. ಎರಡು ಸಲ ಬೇಡಿ ಕಳಚಿಕೊಂಡು ಓಡಿಹೋದವನು. ಕೊನೆಗೆ ಕಲಬುರಗಿಯ ಜೈಲಿನಲ್ಲಿ ಜ್ವರ ಬಂದು ಸತ್ತ. ಇದಾಗಿ ಅರವತ್ತು ವರ್ಷದ ಮೇಲಾಯಿತು. ಹೆಣ ಒಯ್ಯಲು ವಾರಸುದಾರರು ಬರಲಿಲ್ಲ ಎಂಬಲ್ಲಿಗೆ ನನಗೆ ಸಿಕ್ಕ ಮಾಹಿತಿ ಮುಗಿದಿತ್ತು. ಅಷ್ಟು ದೊಡ್ಡ ಪುಂಡನ ಕಥೆ ಅಷ್ಟು ಸಪ್ಪಗೆ ಮುಗಿಯುವುದು ನನಗೆ ಸರಿಬರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಹಾಳೆ ಹರಡಿಕೊಂಡು ಒಂದು ಸಾಲು ಸೇರಿಸಿದೆ: ಕಲಬುರಗಿಯ ಆ ಸಮಾಧಿಯ ಮೇಲೆ ಇವತ್ತಿಗೂ ವರ್ಷಕ್ಕೊಮ್ಮೆ ಯಾರೋ ಹೂವಿಟ್ಟು ಹೋಗುತ್ತಾರೆ. ನಾನು ಸಮಾಧಿಯನ್ನೂ ನೋಡಿರಲಿಲ್ಲ, ಹೂವನ್ನೂ ನೋಡಿರಲಿಲ್ಲ.

ಫೆಬ್ರುವರಿಯಲ್ಲಿ ಕಮಲಾಪುರದಿಂದ ಫೋನು ಬಂತು. ಮೊದಲು ಮಾತಾಡಿದವರು ಅಲ್ಲಿನ ಅಂಗನವಾಡಿಯ ಟೀಚರ್ ರೇಣುಕಾ. “ನಮ್ಮತ್ತಿ ನಿಮ್ಮ ಜೋಡಿ ಮಾತಾಡಬೇಕಂತ್ರಿ” ಎಂದು ಫೋನನ್ನು ಅತ್ತೆ ಕಾಶೀಬಾಯಿಗೆ ಕೊಟ್ಟರು.

“ಬಾಯೀ, ನಾ ಸಿದ್ರಾಮನ ಮಗಳು” ಎಂದರು ಕಾಶೀಬಾಯಿ. “ನಮ್ಮ ಸೊಸಿ ನಿಮ್ಮ ಪುಸ್ತಕ ಓದಿ ಹೇಳ್ಯಾಳ. ಆ ಹೂವ ಇಡಾಂವ ನಮ್ಮಣ್ಣ ಶರಣಪ್ಪ ಇರಬೇಕ್ರಿ. ಅಪ್ಪನ ಹೆಣಾ ನಾ ತರ್ತೀನಂತ ಹದಿನಾರನೇ ವರ್ಷಕ್ಕ ಮನಿ ಬಿಟ್ಟು ಹ್ವಾದಾಂವ, ತಿರುಗಿ ಬರಲಿಲ್ಲ. ಅಂವಗ ಅಪ್ಪನ ಮಣ್ಣು ಸಿಕ್ಕಿರಬೇಕ್ರಿ. ನನಗ ಆ ಜಾಗಾ ತೋರಸ್ರಿ. ಒಂದೀಟು ಹಾಲು ತುಪ್ಪ ಎರೀತೀನಿ. ಹೂವ ಇಡೋ ದಿನ ಅಲ್ಲೇ ಕುಂತು ನಮ್ಮಣ್ಣನ ಹಾದಿ ನೋಡ್ತೀನಿ.”

ಆಗಲೇ ಹೇಳಬೇಕಿತ್ತು. ವಿಚಾರಿಸಿಕೊಂಡು ಬರುತ್ತೇನೆ ಎಂದು ಹೇಳಿ ಫೋನಿಟ್ಟೆ. ಕೊಡಲಿ ಹಿಡಿದವರ ಎದೆಗಾರಿಕೆಯನ್ನು ಪುಟಗಟ್ಟಲೆ ಹೊಗಳಿದವಳಿಗೆ ಒಂದು ಸಾಲಿನ ಸತ್ಯ ನುಡಿಯುವ ಎದೆ ಇರಲಿಲ್ಲ.

ಸಿಂದಗಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಚುರುಮುರಿಯ ಸುಸಲಾ, ಮಿರ್ಚಿ ಭಜಿ ತಿಂದೆ. ಮುಂದೆ ಎರಡೂ ಕಡೆ ಎರೆಭೂಮಿ, ಕೊಯ್ದು ಒಟ್ಟಿದ ಜೋಳದ ಕಣಕಿ. ಜೇವರ್ಗಿ ದಾಟಿ ಭೀಮಾ ನದಿಯ ಸೇತುವೆ ಬಂದಾಗ ನೀರು ನಡುಹೊಳೆಯಲ್ಲಿ ಅಷ್ಟಿಷ್ಟು ಇತ್ತು. ಹತ್ತೂವರೆಗೆ ಕಲಬುರಗಿಯಲ್ಲಿ ಇಳಿದಾಗ ಬಿಸಿಲು ಮುಖಕ್ಕೆ ರಾಚಿತು. ಜಗತ್ ಸರ್ಕಲ್ಲಿನ ಹತ್ತಿರ ಒಂದು ಲಾಡ್ಜಿನಲ್ಲಿ ಕೋಣೆ ಹಿಡಿದೆ. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ.

ಬರೆದದ್ದು ಸುಳ್ಳೇ ಆಗಿದ್ದರೂ ಅದು ಹೇಗಾದರೂ ನಿಜವಾಗಿಬಿಡಲಿ ಎಂಬ ಆಸೆ ನನಗಿತ್ತು. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಕಲಬುರಗಿಯದೇ ಗಾಜಿಪುರ ಬಡಾವಣೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಮೋಮಿನಪುರದ ಗಫೂರ್ ಸಾಹೇಬರ ಹೆಸರು ಹೇಳಿದ್ದರು. ವಾರಸುದಾರರಿಲ್ಲದ ಹೆಣಗಳನ್ನು ಹಿಂದಿನ ಕಾಲದಲ್ಲಿ ಮಣ್ಣಿಗೆ ಸೇರಿಸುತ್ತಿದ್ದವರು ಇವರ ತಂದೆಯಂತೆ. ಊಟಕ್ಕೆ ಮೋಮಿನಪುರದಲ್ಲೇ ಒಂದು ಪ್ಲೇಟು ಮಸಾಲೆ ಅನ್ನದ ತಹರಿ ತಿಂದು, ಎರಡು ಗಲ್ಲಿ ದಾಟಿ ಅವರ ಅಂಗಡಿ ಹುಡುಕಿದೆ. ಗಫೂರ್ ಸಾಹೇಬರಿಗೆ ಎಂಬತ್ತರ ಹತ್ತಿರ. ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಕೆಲಸ. ನಾನು ಬಂದ ಕಾರಣ ಕೇಳಿ, ಕೈಯಲ್ಲಿದ್ದ ತಪೇಲಿಯನ್ನು ಕೆಳಗಿಟ್ಟರು.

“ಹೌದ್ರಿ, ಅಬ್ಬಾ ಆ ಕೆಲಸಾ ಮಾಡ್ತಿದ್ರು. ಜೈಲಿಂದು, ದವಾಖಾನಿದು, ವಾರಸ್ ಇಲ್ಲದ್ದು ಎಲ್ಲಾ ನಮ್ಮ ಬಂಡ್ಯಾಗೇ ಹೋಗ್ತಿದ್ದವು. ಹೆಸರು ಕೇಳೋ ರಿವಾಜ್ ಇರಲಿಲ್ರಿ. ಯಾರ ಮಗನೋ ಏನೋ ಅಂತ ಮೂರು ಹಿಡಿ ಮಣ್ಣು ಹಾಕಿ ಬರ್ತಿದ್ರು.”

ಹದಿನಾರು ವರ್ಷದ ಹುಡುಗನೊಬ್ಬ ತಂದೆಯನ್ನು ಕೇಳಿಕೊಂಡು ಬಂದದ್ದು ನೆನಪಿದೆಯೇ ಎಂದೆ. ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಆಮೇಲೆ ತಾವೇ ಅಂಗಡಿಯ ಬಾಗಿಲೆಳೆದು ಆಟೋ ಕರೆದರು.

ಆಟೋ ಇಪ್ಪತ್ತು ನಿಮಿಷ ಓಡಿ ಒಂದು ಹೊಸ ಬಡಾವಣೆಯಲ್ಲಿ ನಿಂತಿತು. “ಇದೇ ಬಯಲು ನೋಡ್ರಿ. ಆವಾಗ ಬರೇ ಜಾಲಿಗಿಡ ಇದ್ದವು” ಎಂದರು. ನನ್ನ ಕಣ್ಣಿಗೆ ಕಂಡದ್ದು ಸಾಲುಸಾಲು ಎರಡಂತಸ್ತಿನ ಮನೆಗಳು, ಗೇಟಿನ ಮುಂದೆ ನಿಲ್ಲಿಸಿದ ಸ್ಕೂಟರುಗಳು, ಮಾಳಿಗೆಯ ಮೇಲೆ ಒಣಗಲು ಹಾಕಿದ ಹಪ್ಪಳ. ಎಲ್ಲ ಕಡೆ ಸಿಮೆಂಟು ಹಾಸಿದ್ದರು. ಒಂದು ಗೇಟಿನಿಂದ ಹೊರಬಂದ ಹೆಂಗಸು, “ಯಾರ ಮನಿ ಹುಡಕಾಕತ್ತೀರಿ?” ಎಂದು ಕೇಳಿದಳು. ಇಲ್ಲ, ಸುಮ್ಮನೆ ಎಂದೆ. ಆಕೆ ಹೊಳ್ಳಿ ಹೊಳ್ಳಿ ನೋಡುತ್ತ ಒಳಗೆ ಹೋದಳು.

ಹಿಂತಿರುಗುವಾಗ ಗಫೂರ್ ಸಾಹೇಬರು ಮೆಲ್ಲಗೆ ಹೇಳಿದರು, “ಬಾಯೀರೇ, ಒಂದು ಮಾತ ಅಂತೀನಿ, ಬೇಜಾರ ಮಾಡ್ಕೋಬ್ಯಾಡ್ರಿ. ಆ ಕಡಿ ಒಂದು ಖಾಲಿ ಜಾಗಾ ಅದ. ಅಲ್ಲಿ ಒಂದು ಕಲ್ಲ ಇಡೂಣು. ಆ ಮುದಕೀನ್ನ ಕರಕೊಂಡು ಬರ್ರಿ. ಹಾಲು ಹಾಕ್ಲಿ, ಜೀವ ತಣ್ಣಗಾಗ್ತದ. ಯಾರಿಗೇನು ನುಕಸಾನ್?”

“ಹೂವ ಇಡೋ ಅಣ್ಣ ಎಲ್ಲಿ ಅಂತ ಕೇಳಿದ್ರ?”

ಅವರು ಗಡ್ಡ ಕೆರೆದುಕೊಂಡರು. “ಅದೊಂದು ಪೇಚು ಅದ ನೋಡ್ರಿ” ಎಂದರು. ನಿಜ ಹೇಳಬೇಕೆಂದರೆ, ಲಾಡ್ಜಿಗೆ ಬರುವ ತನಕವೂ ಆ ಕಲ್ಲಿನ ಮಾತು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು.

ಮರುದಿನ ಬೆಳಿಗ್ಗೆ ಎಂಟರ ಸುಮಾರಿಗೆ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ. ಕಮಲಾಪುರಕ್ಕೆ ಒಂದು ತಾಸು. ಕರಿಮಣ್ಣಿನ ನಡುವೆ ಅಲ್ಲಲ್ಲಿ ಕೆಂಪುಮಣ್ಣು ಕಾಣತೊಡಗಿತು. ರಸ್ತೆಯ ಪಕ್ಕ ಕೆಂಪು ಬಾಳೆಯ ಗೊನೆಗಳನ್ನು ತೂಗಹಾಕಿದ್ದರು. ಬರಿಗೈಲಿ ಹೋಗಬಾರದೆಂದು, ಬಸ್ಸಿಳಿದ ಕೂಡಲೇ ಎದುರಿನ ಗಾಡಿಯಲ್ಲಿ ಒಂದು ಡಜನ್ ಕೊಂಡೆ. ಕಮಲಾಪುರದವರಿಗೆ ಕಮಲಾಪುರದ್ದೇ ಬಾಳೆಹಣ್ಣು ಒಯ್ಯುವ ಜಾಣತನ ನನ್ನದು. ಗಾಬರಿಯಲ್ಲಿದ್ದೆ.

ಬರುತ್ತೇನೆಂದು ಮೊದಲೇ ಫೋನು ಮಾಡಿ ತಿಳಿಸಿದ್ದರಿಂದ ರೇಣುಕಾ ಬಸ್ ನಿಲ್ದಾಣಕ್ಕೆ ಬಂದಿದ್ದರು. “ನಮ್ಮತ್ತಿ ಮುಂಜಾನೆ ನಾಕಕ್ಕೇ ಎದ್ದು ಕುಂತಾರ್ರಿ” ಎಂದರು. ಓಣಿಯ ತುದಿಗೆ ಎರಡು ಕೋಣೆಯ ಮನೆ, ನೆಲಕ್ಕೆ ಶಹಾಬಾದ್ ಕಲ್ಲು. ರೇಣುಕಾರ ಗಂಡ ಕಲ್ಲಿನ ಖಣಿಯ ಕೆಲಸಕ್ಕೆ ಹೋಗಿದ್ದ. ಒಲೆಯ ಮೇಲೆ ಹಾಲು ಕಾಯುತ್ತಿತ್ತು. ಕಾಶೀಬಾಯಿ ಮಡಿಕೆ ಮುರಿಯದ ಹೊಸ ಇಳಕಲ್ ಸೀರೆ ಉಟ್ಟು, ಪಕ್ಕದಲ್ಲಿ ಒಂದು ಗಂಟು ಇಟ್ಟುಕೊಂಡು ಹೊರಡಲು ತಯಾರಾಗಿ ಕುಳಿತಿದ್ದರು. ತೆಳ್ಳಗಿನ ಮೈ, ಪುಸ್ತಕಕ್ಕೆಂದು ಹುಡುಕಿದ ತಂದೆಯ ಫೋಟೋದಲ್ಲಿ ನಾನು ಕಂಡಿದ್ದ ಅದೇ ಅಗಲವಾದ ಹಣೆ.

ಕುಳಿತ ಕೂಡಲೇ ಗಂಟು ಬಿಚ್ಚಿ ತೋರಿಸಿದರು. ಹಾಲಿಗೆ ಒಂದು ಹಿತ್ತಾಳೆಯ ಗಿಂಡಿ, ತೆಂಗಿನಕಾಯಿ, ಒಂದು ಧೋತರ, ಒಂದು ಹೊಸ ಬಿಳಿ ಅಂಗಿ. “ಇದು ನಮ್ಮಣ್ಣಗ್ರಿ. ಅಳತಿ ಗೊತ್ತಿಲ್ಲ. ನನ್ನ ಮಗನ ಅಳತಿ ಕೊಟ್ಟು ಹೊಲಸೀನಿ. ಎಂಬತ್ತರ ಹತ್ರ ಬಂದಾನಂದ್ರ ಬಾಗಿರಬೇಕು, ಒಂಚೂರು ಉದ್ದ ಆದೀತು.”

ನೀರು ಕೇಳಿ ಕುಡಿದೆ. ಅವರು ಮಾತಾಡುತ್ತಲೇ ಇದ್ದರು. ತಂದೆ ಸತ್ತ ಸುದ್ದಿ ಬಂದಾಗ ಇವರಿಗೆ ಹತ್ತು ವರ್ಷ. ಹೆಣ ತಂದರೆ ಊರಿನವರು ಮನೆ ಸುಟ್ಟಾರು ಎಂದು ತಾಯಿ ಯಾರನ್ನೂ ಕಳಿಸಲಿಲ್ಲ. ಅಣ್ಣ ಮಾತ್ರ ತಾಯಿಯ ಮೇಲೆ ಸಿಟ್ಟು ಮಾಡಿಕೊಂಡು, ಉಟ್ಟ ಬಟ್ಟೆಯಲ್ಲಿ, ಕಲಬುರಗಿಯ ದಾರಿ ಹಿಡಿದ.

“ನಮ್ಮಪ್ಪ ಕಡದ ಆ ಮೂವರ ಮನಿ ಮಂದಿ ಇನ್ನೂ ಇದೇ ಊರಾಗ ಅದಾರ್ರಿ. ನಾ ಎದುರಿಗಿ ಬಂದ್ರ ಇವತ್ತಿಗೂ ಮಾರಿ ತಿರಗಸ್ತಾರ. ಅವರದೇನೂ ತಪ್ಪಿಲ್ಲ. ಅಪ್ಪ ಅಂದ್ರ ನನಗೂ ಅಂಜಿಕಿನೇ ಇತ್ತು. ಆದ್ರ ನಮ್ಮಣ್ಣ ಯಾರಿಗೇನು ಮಾಡಿದ್ದ ಹೇಳ್ರಿ? ನಡೀರಿ, ಬಿಸಿಲು ಏರೋದ್ರಾಗ ಹೋಗೂಣು.”

ಎದ್ದೇ ಬಿಟ್ಟರು. ಅವರ ಕೈ ಹಿಡಿದು ಕೂರಿಸಿದೆ. ಆ ಖಾಲಿ ಜಾಗ, ಆ ಕಲ್ಲು ಕಣ್ಣ ಮುಂದೆ ಬಂದವು. ಆದರೆ ಕಲ್ಲಿನ ಪಕ್ಕದಲ್ಲಿ ಈ ಅಂಗಿ ಹಿಡಿದುಕೊಂಡು ಇವರು ವರ್ಷಗಟ್ಟಲೆ ಕುಳಿತಿರುವುದೂ ಕಂಡಿತು.

“ಕಾಶೀಬಾಯಿ, ಆ ಸಾಲು ನಾನ ಕಟ್ಟಿ ಬರದದ್ದು” ಎಂದೆ. “ಸಮಾಧಿ ಇಲ್ಲ. ಹೂವ ಇಡೋರನ್ನ ನಾ ನೋಡಿಲ್ಲ.”

ಅವರು ನಕ್ಕರು. “ನೀವು ನೋಡಿಲ್ಲಂದ್ರ ಏನಾತು? ಇಡ್ತಿರಬಹುದಲ್ರಿ.”

“ಇಡಾಕ ಜಾಗಾನೇ ಇಲ್ರಿ. ನಿನ್ನೆ ಹೋಗಿ ನೋಡಿದೆ. ಅಲ್ಲೆಲ್ಲ ಮನಿ ಕಟ್ಟ್ಯಾರ. ನಿಮ್ಮಪ್ಪನ್ನ ಎಲ್ಲಿ ಮಣ್ಣ ಮಾಡಿದ್ರು ಅನ್ನೋದು ಯಾರಿಗೂ ಗೊತ್ತಿಲ್ಲ. ನಿಮ್ಮಣ್ಣ ಕೇಳ್ಕೋತ ಬಂದದ್ದೂ ಯಾರಿಗೂ ನೆನಪಿಲ್ಲ.”

ಕಾಶೀಬಾಯಿ ನನ್ನ ಮುಖವನ್ನೇ ನೋಡಿದರು.

“ಮತ್ತ ಯಾಕ ಬರದ್ರಿ?”

“ಓದೋರಿಗಿ ಚಂದ ಅನಸ್ಲಿ ಅಂತ.”

“ಚಂದೇ ಇತ್ತು” ಎಂದರು. ಅದರಲ್ಲಿ ಕೊಂಕು ಇರಲಿಲ್ಲ. ಕೊಂಕು ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. “ಇಕಿ ಓದಿ ಹೇಳಿ ಹನ್ನೊಂದು ತಿಂಗಳಾತು. ಹನ್ನೊಂದು ತಿಂಗಳು ನಮ್ಮಣ್ಣ ಇದ್ದ.”

ನಾನು ತಪ್ಪಾಯಿತು ಎಂದೆ. ಮುಂದಿನ ಮುದ್ರಣದಲ್ಲಿ ತೆಗೆಸುತ್ತೇನೆ ಎಂದೂ ಹೇಳಿದೆ. ಹೇಳುವಾಗಲೇ ಆ ಮಾತು ಎಷ್ಟು ಜುಜುಬಿ ಎಂದು ನನಗೇ ಗೊತ್ತಾಯಿತು. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಸೊಸೆಯ ಕಡೆ ತಿರುಗಿ, “ರೇಣುಕಾ, ಬಚ್ಚಲದಾಗ ನೀರ ಇಡು. ತಲಿ ಮ್ಯಾಲೆ ನೀರ ಹಾಕ್ಕೋತೀನಿ” ಎಂದರು.

“ಕಲಬುರಗಿಗಿ ಹೋಗೋದದ ಅಂತ ಮುಂಜಾನೇನೇ ತಲಿ ತೊಳಕೊಂಡೀರಲ್ಲತ್ತಿ” ಎಂದು ಶುರುಮಾಡಿದ ರೇಣುಕಾ ಅರ್ಧಕ್ಕೇ ನಿಲ್ಲಿಸಿದರು. ಒಡಹುಟ್ಟಿದವರು ದೂರದಲ್ಲೆಲ್ಲೋ ಸತ್ತ ಸುದ್ದಿ ಬಂದರೆ, ಸುದ್ದಿ ಕಿವಿಗೆ ಬಿದ್ದ ಆ ಹೊತ್ತಿಗೇ ಎದ್ದು ತಲೆಗೆ ನೀರು ಹಾಕಿಕೊಳ್ಳುತ್ತಾರೆ ನಮ್ಮ ಕಡೆ. ರೇಣುಕಾ ಒಲೆ ಆರಿಸಿದರು. ಹಾಲು ಉಕ್ಕಲು ಬಂದಿದ್ದು ಹಾಗೇ ಕೆಳಗಿಳಿಯಿತು.

ಬಚ್ಚಲಿನಿಂದ ತಂಬಿಗೆ ತಂಬಿಗೆ ನೀರು ಸುರಿಯುವ ಸಪ್ಪಳ ಬಂತು. ಅಳುವ ಸಪ್ಪಳ ಬರಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಅತ್ತೆ. ಪುಸ್ತಕ ಬರೆದ ಮೂರು ವರ್ಷದಲ್ಲಿ ಸಿದ್ರಾಮ ಕಡಿದವರಿಗಾಗಿಯೂ ಅತ್ತಿರಲಿಲ್ಲ, ಅವನ ಮನೆಯಲ್ಲಿ ಉಳಿದವರಿಗಾಗಿಯೂ ಅತ್ತಿರಲಿಲ್ಲ. ಅವರಿದ್ದಾರೆಂಬ ಖಬರೇ ನನಗಿರಲಿಲ್ಲ.

ಕಾಶೀಬಾಯಿ ಹಳೆಯ ಸೀರೆ ಉಟ್ಟು, ಒದ್ದೆ ಕೂದಲು ಬಿಟ್ಟುಕೊಂಡು ಬಂದು ಹೊಸ್ತಿಲ ಬಳಿ ಕುಳಿತರು. ಹೊಸ ಅಂಗಿಯನ್ನು ತೊಡೆಯ ಮೇಲೆ ಹರಡಿ, ಅದರ ಗುಂಡಿಗಳನ್ನು ಮೇಲಿನಿಂದ ಕೆಳಗೆ ಒಂದೊಂದಾಗಿ ಹಾಕತೊಡಗಿದರು. ಚಹ ಕುಡಿಯಿರಿ ಎಂದು ಯಾರೂ ಅನ್ನಲಿಲ್ಲ. ಅಂಥ ದಿನ ಒಲೆ ಹಚ್ಚುವುದಿಲ್ಲ. ಹನ್ನೊಂದು ಗಂಟೆಗೆ ಕಲಬುರಗಿಗೆ ಬಸ್ಸಿತ್ತು. ಎದ್ದು ನಿಂತೆ. ಹೋಗಿ ಬರ್ತೀನ್ರೀ ಎನ್ನುವುದು ಬಾಯಿಗೆ ರೂಢಿಯಾದ ಮಾತು, ತುಟಿಯ ತನಕ ಬಂದಿತ್ತು.

ಸಾವಾದ ಮನೆಯಿಂದ ಹೊರಡುವಾಗ ಹಾಗೆ ಅನ್ನಬಾರದು. ಚಪ್ಪಲಿ ಮೆಟ್ಟಿಕೊಂಡು, ಏನೂ ಹೇಳದೆ ಹೊರಗೆ ಬಂದೆ.