ಖಾರದ ಜೊತೆ ಕುಡಿಯಬಾರದ ವೈನು

ನನ್ನನ್ನು ನೋಡಲು ಬಂದ ಗಂಡಿನ ಕಡೆಯವರೆಲ್ಲ ನಮ್ಮ ಮನೆಯಲ್ಲೇ ಕೂತು ಉಪ್ಪಿಟ್ಟು ತಿಂದು, ಆಮೇಲೆ ಹೇಳಿ ಕಳಿಸುತ್ತೇವೆಂದು ಎದ್ದು ಹೋದವರು. ಒಬ್ಬರು ಮಾತ್ರ ನಮ್ಮನ್ನೇ ಹೋಟೆಲಿಗೆ ಕರೆದರು. ಬಳ್ಳಾರಿಯ ಕಂಟೋನ್ಮೆಂಟ್ ಕಡೆ ಹೊಸದಾಗಿ ಆದ ಹೋಟೆಲು, ಭಾನುವಾರದ ಬ್ರಂಚ್. ತಿಂಡಿ, ಊಟ ಎರಡೂ ಕೂಡಿಸಿ ಒಂದೇ ಸಲ ಮಾಡುವುದು ಎಂದು ಚಿಕ್ಕಮ್ಮ ಫೋನಿನಲ್ಲಿ ವಿವರಿಸಿದಳು.

ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅಪ್ಪ, ನಾನು ಇಬ್ಬರೇ. ನಾನು ಸಿರುಗುಪ್ಪದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ, ಬಳ್ಳಾರಿಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅಪ್ಪ ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು, ಸಂಧ್ಯಾವಂದನೆ ಏಕಾದಶಿ ಬಿಡದವರು. ನನ್ನ ಮದುವೆಯ ಹೊಣೆಯನ್ನು ಕುರುಗೋಡಿನಲ್ಲಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ತಾನಾಗಿ ಹೊತ್ತುಕೊಂಡಿದ್ದಳು. ನನಗೆ ಮೂವತ್ತೈದು ದಾಟಿದ್ದರಿಂದ ಅವಳ ದನಿಯಲ್ಲಿ ಅವಸರ ಕಾಣುತ್ತಿತ್ತು. ಹೋಟೆಲಿಗೆ ಕರೆದಿದ್ದ, ಹುಡುಗ ಎಂದು ಅವಳು ಹೇಳುತ್ತಿದ್ದವರಿಗೆ ಕಿವಿಯ ಪಕ್ಕ ಕೂದಲು ಬೆಳ್ಳಗಾಗಿತ್ತು. ಬಹಳ ವರ್ಷ ಪುಣೆಯಲ್ಲಿದ್ದು, ಹೆಂಡತಿಯಿಂದ ಬೇರೆಯಾಗಿ, ತಾಯಿಯೊಡನೆ ಬಳ್ಳಾರಿಗೆ ಮರಳಿದ್ದರು. ಅಕ್ಕಿ ಗಿರಣಿಗಳಿಗೆ ಬಾಯ್ಲರ್ ಹಾಕಿಕೊಡುವ ಕಂಪನಿಯಲ್ಲಿ ಎಂಜಿನಿಯರ್.

ನಮ್ಮನ್ನು ಕೂರಿಸಿದ್ದು ಗೋಡೆಗೆ ಅಂಟಿಕೊಂಡ, ಅರ್ಧ ಚಕ್ರದಂಥ ಸೋಫಾದಲ್ಲಿ. ನಾನು ನಟ್ಟನಡುವೆ. ಒಂದು ಬದಿಗೆ ಅವರು, ಅವರ ಆಚೆ ಅಪ್ಪ. ಇನ್ನೊಂದು ಬದಿಗೆ ಅವರ ತಾಯಿ, ಅವರ ಆಚೆ ಚಿಕ್ಕಮ್ಮ. ಮೇಜನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದರು. ನಾನು ಏಳಬೇಕೆಂದರೆ ಒಂದು ಬದಿಯವರು ಇಬ್ಬರೂ ಏಳಬೇಕಿತ್ತು.

ಕೂತ ಸ್ವಲ್ಪ ಹೊತ್ತಿಗೆ ಸಪೂರವಾದ ಎತ್ತರದ ಗ್ಲಾಸುಗಳು ಬಂದವು. ಮಂಜುಗಡ್ಡೆಯ ಬಕೆಟ್ಟಿನಿಂದ ಬಾಟಲಿ ತೆಗೆದು, ಇದು ಸ್ಪಾರ್ಕ್ಲಿಂಗ್ ವೈನ್, ಬ್ರಂಚಿಗೆ ಇದೇ ಸರಿ, ಗುಳ್ಳೆ ನಾಲಿಗೆಯ ಮೇಲಿನ ಎಣ್ಣೆಯನ್ನು ತೊಳೆದು ಹಾಕುತ್ತದೆ ಎಂದು ಅವರು ಹೇಳಿದರು. ಚಿಕ್ಕಮ್ಮ ತನ್ನ ಗ್ಲಾಸಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು. ಅಪ್ಪ ಮುಖ ಬದಲಿಸದೆ, ತಮಗೆ ನೀರು ಸಾಕು ಅಂದರು. ನಾನು ಅಪ್ಪನ ಕಡೆ ನೋಡಿದೆ.

"ನಿನ್ನ ಇಷ್ಟಮ್ಮ" ಅಂದರು.

ನಾನು ಒಂದು ಗುಟುಕು ಕುಡಿದೆ. ಹುಳಿ, ತಣ್ಣಗೆ, ಮೂಗಿನೊಳಗೆ ಚುರುಕು. ಹಿಡಿಸಿತು.

ಎದ್ದು ಹೋಗಿ, ಸಾಲಾಗಿ ಇಟ್ಟಿದ್ದ ತಿನಿಸುಗಳನ್ನು ನೋಡಬೇಕೆನಿಸಿತು. ಅವರು ನನ್ನನ್ನು ಕೂತಿರಲು ಹೇಳಿ, ಅಪ್ಪನನ್ನು ಎಬ್ಬಿಸಿ ತಾವೇ ಹೋಗಿ ತಟ್ಟೆ ತುಂಬಿ ತಂದರು. ಮೊದಲು ಪನೀರು, ಆಮೇಲೆ ಉಪ್ಪು ಹಚ್ಚಿದ ಆಲೂಗಡ್ಡೆ, ಸಿಹಿ ಬೇಡವೇ ಬೇಡ, ಸಿಹಿಯ ಜೊತೆ ಈ ವೈನು ಬರೀ ಹುಳಿ ಅನ್ನಿಸುತ್ತದೆ. ಒಂದೊಂದಕ್ಕೂ ಕಾರಣವಿತ್ತು, ಹೇಳುವ ರೀತಿಯೂ ಮೃದುವಾಗಿತ್ತು. ಅಷ್ಟರಲ್ಲಿ ಬಡಿಸುವವನು ಮಿರ್ಚಿ ಬಜ್ಜಿಯ ತಟ್ಟೆ ಹಿಡಿದು ಬಂದು, "ಬಿಸಿ ಐತ್ರಿ ಮೇಡಂ" ಅಂದ. ನಾನು ಒಂದು ತೆಗೆದುಕೊಂಡು ಕಚ್ಚಿ, ಅದರ ಮೇಲೆ ವೈನು ಕುಡಿದೆ. ಬಾಯೆಲ್ಲ ಭಗ್ಗೆಂದು ಉರಿಯಿತು. ಕಣ್ಣಲ್ಲಿ ನೀರು ಬಂತು. ಎಷ್ಟೋ ದಿನದಿಂದ ಅಂಥ ಖುಷಿ ಆಗಿರಲಿಲ್ಲ.

ಇನ್ನೊಂದು ತುಣುಕಿಗೆ ಕೈ ಹಾಕುವಷ್ಟರಲ್ಲಿ ಅವರು ನನ್ನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು. "ಖಾರದ ಜೋಡಿ ಇದನ್ನ ಕುಡೀಬಾರದ್ರಿ, ಉರಿ ಹೆಚ್ಚಾಗ್ತದ" ಎಂದು ಹೇಳಿ ಮಿರ್ಚಿಯನ್ನು ಎತ್ತಿ ಪಕ್ಕಕ್ಕಿಟ್ಟು, ಬೇರೆ ತಟ್ಟೆಯನ್ನು ನನ್ನ ಮುಂದೆ ಸರಿಸಿದರು. ಅವರ ತಾಯಿ, ಮಗ ಹೀಗೇ, ಎಲ್ಲರನ್ನೂ ನೋಡಿಕೊಳ್ಳುತ್ತಾನೆ ಎಂದು ಮೆಚ್ಚಿ ನಕ್ಕರು. ಚಿಕ್ಕಮ್ಮನೂ ನಕ್ಕಳು. ನಾನು ಆ ಬದಿ ಈ ಬದಿ ನೋಡಿದೆ. ಎಲ್ಲಿಂದಲೂ ಏಳುವಂತಿರಲಿಲ್ಲ. ಮುಂದೆ ಅವರು ಕೊಟ್ಟದ್ದನ್ನು, ಕೊಟ್ಟ ಕ್ರಮದಲ್ಲಿ ತಿಂದೆ. 

ಚಿಕ್ಕಮ್ಮ ಕುರುಗೋಡಿನ ಬಸ್ಸು ಹತ್ತುವ ಮೊದಲೇ ನಮಗೆ ಒಪ್ಪಿಗೆ ಎಂದು ಅವರಿಗೆ ಫೋನು ಮಾಡಿಬಿಟ್ಟಿದ್ದಳು. ಕುಡಿಯುವುದೆಲ್ಲ ಈಗ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ಆವತ್ತು ನನಗೆ ಬುದ್ಧಿ ಹೇಳಿದವಳೂ ಅವಳೇ. ನಾನು ಬೇಡ ಅಂದಾಗ ಕಾರಣ ಕೇಳಿದಳು. ನನ್ನ ತಟ್ಟೆ ಎಳೆದುಕೊಂಡರು ಅಂದೆ.

"ಬಡಿಸಿದ್ದೂ ತಪ್ಪೇನು?" ಅಂದಳು.

ತಪ್ಪಲ್ಲ. ಅಲ್ಲೇ ನಾನು ಸಿಕ್ಕಿಬಿದ್ದಿದ್ದು. ಅವರು ಗದರಿರಲಿಲ್ಲ, ವರದಕ್ಷಿಣೆಯ ಮಾತೆತ್ತಿರಲಿಲ್ಲ, ವೈನಿನ ಬಗ್ಗೆ ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಬೇರೆಯವರ ಮುಂದೆ ಇಡಬಹುದಾದ ಒಂದೂ ದೂರು ನನ್ನ ಹತ್ತಿರ ಇರಲಿಲ್ಲ. ರಾತ್ರಿ ಊಟಕ್ಕೆ ಕೂತರೆ ಮುಂದಿನ ಇಪ್ಪತ್ತು ಮೂವತ್ತು ವರ್ಷದ ತಟ್ಟೆಗಳು ಒಂದೊಂದಾಗಿ ನನ್ನ ಮುಂದಿನಿಂದ ಜರುಗಿದಂತೆ ಕಾಣುತ್ತಿತ್ತು. ಅಪ್ಪ ಒತ್ತಾಯ ಮಾಡಲಿಲ್ಲ, ನನ್ನ ಪರವಾಗಿಯೂ ಮಾತಾಡಲಿಲ್ಲ. ನಾನು ಹಟ ಬಿಡಲಿಲ್ಲ. ಕೊನೆಗೆ ಸಂಬಂಧ ಮುರಿಯಿತು.

ಆಮೇಲೆ ಒಂದು ದಿನ ಸ್ಟಾಫ್ ರೂಮಿನಲ್ಲಿ ತೆಕ್ಕಲಕೋಟೆಯ ಟೀಚರೊಬ್ಬರು ನನ್ನ ಕೈ ಹಿಡಿದು, ಕುಡುಕನನ್ನು ಬೇಡವೆಂದೆಯಂತೆ, ಒಳ್ಳೆಯದು ಮಾಡಿದೆ ಅಂದರು. ಜನರಿಗೆ ಹೇಳಲು ಚಿಕ್ಕಮ್ಮನಿಗೊಂದು ಕಾರಣ ಬೇಕಿತ್ತು, ಇದನ್ನು ಹುಡುಕಿಕೊಂಡಿದ್ದಳು. ಅಲ್ಲಿಂದ ನಮ್ಮವರೆಲ್ಲ ಸೇರುವ ಮಠಕ್ಕೆ ಹೋದರೂ, ಯಾವ ಮುಂಜಿ ಮದುವೆಗೆ ಹೋದರೂ ನಾನೊಂದು ಉದಾಹರಣೆ. ಬಾಟಲಿ ನೋಡಿದವಳೇ ಎದ್ದು ಬಂದಳಂತೆ ಎಂದು ಹಿರಿಯರು ಬೆನ್ನು ಸವರುತ್ತಿದ್ದರು. ಇಲ್ಲ, ಕೂತು ಕುಡಿದೆ ಅನ್ನಲು ಬಾಯಿ ತೆರೆದರೆ ಚಿಕ್ಕಮ್ಮ ಮಾತು ಬದಲಿಸುತ್ತಿದ್ದಳು. ಆ ಸೋಫಾದಲ್ಲಿ ಸಿಕ್ಕಿಕೊಂಡದ್ದಾದರೆ ಒಂದು ಮಧ್ಯಾಹ್ನಕ್ಕೆ ಮುಗಿದಿತ್ತು. ಈ ಹೊಗಳಿಕೆಯಿಂದ ಏಳುವುದು ಹೇಗೆಂದು ತಿಳಿಯಲಿಲ್ಲ.

ಒಂದು ಸಂಜೆ ಸಿರುಗುಪ್ಪದ ಬಸ್ ನಿಲ್ದಾಣದಲ್ಲಿ ಆ ಎಂಜಿನಿಯರೇ ಎದುರಾದರು. ಯಾವುದೋ ಗಿರಣಿಯ ಬಾಯ್ಲರ್ ನೋಡಲು ಬಂದಿದ್ದರಂತೆ. ಕಾರು ನಿಲ್ಲಿಸಿ, ಇಳಿದು ಬಂದು ನಿಂತರು. ಮುಖ ಇಳಿದುಹೋಗಿತ್ತು.

"ನಾ ಕುಡುಕ ಅಂತ ಹೇಳೀರಂತ. ಜನರ ಮಾತಿಗೆ ಅಂಜಿ ನಮ್ಮವ್ವ ಮಠಕ್ಕ ಹೋಗೋದು ಬಿಟ್ಟಾಳ."

"ನಾ ಹಂಗ ಹೇಳಿಲ್ರಿ" ಅಂದೆ.

"ಮತ್ತ ಯಾಕ ಬ್ಯಾಡ ಅಂದ್ರಿ?"

ಹೇಳಿದೆ. ತಟ್ಟೆ, ಮಿರ್ಚಿ, ಎಲ್ಲವನ್ನೂ. ಅವರು ನಿಜವಾಗಿಯೂ ಯೋಚಿಸಿದರು. ಉರಿ ಹೆಚ್ಚಾಗುತ್ತದೆಂದು ತಾನೇ ಸರಿಸಿದ್ದು, ನಿಮ್ಮ ಒಳ್ಳೆಯದಕ್ಕೇ ಅಲ್ಲವೇ ಅಂದರು. ಹೌದು, ಗೊತ್ತು, ನನಗೆ ಆ ಉರಿಯೇ ಹಿಡಿಸಿತ್ತು ಅಂದೆ. ಅವರಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಬಳ್ಳಾರಿ ಬಸ್ಸು ಬಂತು. ಇದು ರಶ್ ಇದೆ, ಹಿಂದೆ ಬರುವುದಕ್ಕೆ ಹೋಗಿ ಅಂದರು. ನಾನು ನೂಕಿಕೊಂಡು ಅದನ್ನೇ ಹತ್ತಿದೆ. ಕಂಬಿ ಹಿಡಿದು ಊರು ಮುಟ್ಟುವವರೆಗೂ ಅವರ ತಾಯಿಯ ಬಗ್ಗೆಯೇ ಯೋಚಿಸುತ್ತಿದ್ದೆ.

ಆ ಹೊಗಳಿಕೆಯನ್ನು ಕೇಳಿಯೇ ಇನ್ನೊಂದು ಮನೆಯವರು ಬಂದರು. ಬಹಳ ಆಚಾರವಂತರು, ನಮ್ಮ ಮನೆಯ ನೀರೂ ಮುಟ್ಟಲಿಲ್ಲ. ಗಂಡಿನ ತಂದೆ, ಕುಡಿಯುವವನನ್ನು ನಿರಾಕರಿಸಿದ ಹುಡುಗಿಯನ್ನೇ ಹುಡುಕುತ್ತಿದ್ದೆವು ಎಂದು ಅಪ್ಪನಿಗೆ ಹೇಳಿದರು. ಚಿಕ್ಕಮ್ಮ ಬಾಗಿಲಿಗೆ ಒರಗಿ ನಿಂತಿದ್ದಳು. ಹೊರಗೆ ಹೋಗಲು ಇದ್ದದ್ದು ಅದೊಂದೇ ಬಾಗಿಲು.

"ಅವರು ಕುಡುಕರಲ್ಲ" ಅಂದೆ. "ಅವತ್ತು ನಾನೂ ಕುಡಿದೆ. ನನಗ ಛಲೋ ಅನ್ನಿಸ್ತು."

 ಗಂಡಿನ ತಾಯಿ ಸೆರಗು ಸರಿಪಡಿಸಿಕೊಂಡರು. ಅಪ್ಪ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿ, "ಹೌದು, ನಾನೂ ಅಲ್ಲೇ ಇದ್ದೆ" ಅಂದರು. ಬಂದವರು ಮರ್ಯಾದೆಯಿಂದಲೇ ಎದ್ದು ಹೋದರು.

ಚಿಕ್ಕಮ್ಮ ಬಹಳ ದಿನ ಮಾತು ಬಿಟ್ಟಳು. ಸುದ್ದಿ ಕುರುಗೋಡನ್ನೂ ಮಠವನ್ನೂ ಮುಟ್ಟಿತು. ಈಗ ಅಲ್ಲಿ ನನ್ನನ್ನು ನೋಡಿದರೆ ಕೆಲವರು ಪಕ್ಕಕ್ಕೆ ಸರಿಯುತ್ತಾರೆ. ಆ ಎಂಜಿನಿಯರ್ ಅವರ ತಾಯಿ ಮತ್ತೆ ಮಠಕ್ಕೆ ಬರುತ್ತಿದ್ದಾರೆ. ಒಮ್ಮೆ ಪ್ರಸಾದದ ಸಾಲಿನಲ್ಲಿ ನನ್ನ ಮುಂದೆಯೇ ನಿಂತಿದ್ದರು. ತಿರುಗಿ ನೋಡಿ, ಕಟ್ಟಿನಿಂದ ನನಗೂ ಒಂದು ಊಟದ ಎಲೆ ತೆಗೆದುಕೊಟ್ಟರು.