ಅತ್ತೆಗೆ ಕಾಣುವ ಟೆಲಿಸ್ಕೋಪ್

ನನ್ನ ಮೊದಲ ಟೆಲಿಸ್ಕೋಪಿನಲ್ಲಿ ಗುರುಗ್ರಹ ನಡುಗುತ್ತಿತ್ತು. ತಪ್ಪು ಗುರುವಿನದಲ್ಲ, ಸ್ಟ್ಯಾಂಡಿನದು. ಜೋರಾಗಿ ಉಸಿರು ಬಿಟ್ಟರೂ ಅದರ ಮೂರು ಕಾಲು ಅಲ್ಲಾಡುತ್ತಿದ್ದವು. ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಡಬ್ಬದ ಮೇಲೆ ಬರೆದಿದ್ದ ‘ಪವರ್’ ನೋಡಿ ಮರುಳಾಗಿ ಕೊಂಡಿದ್ದೆ. ಪವರ್ ಏರಿಸಿದಷ್ಟೂ ನಡುಕವೂ ಏರುತ್ತದೆ ಎಂದು ಆ ಡಬ್ಬ ಎಲ್ಲೂ ಹೇಳಿರಲಿಲ್ಲ. ಆದರೂ ನನಗೆ ಹುಚ್ಚು ಹಿಡಿದಿತ್ತು. ಶೆಟ್ಟಿಹಳ್ಳಿಯ ನಮ್ಮ ಮನೆಯ ಟೆರೇಸಿಗೆ ಅಕ್ಕಪಕ್ಕದವರನ್ನೆಲ್ಲ ಕೈಹಿಡಿದು ಎಳೆದು ತಂದು ತೋರಿಸಿದೆ. ಎಲ್ಲರೂ ಕಾಣಿಸಿತು ಅಂದರು.

ಅತ್ತೆಯೂ ಹಾಗೇ ಅಂದರು. ಸಿ.ಎಸ್. ಪುರದಲ್ಲಿ ಭಾವನವರ ಜೊತೆ ಇರುವ ಅವರು ಮಂಡಿನೋವಿಗೆ ಡಾಕ್ಟರನ್ನು ನೋಡಲು ನಮ್ಮ ಮನೆಗೆ ಬಂದಿದ್ದರು. ಸೊಂಟ ಹಿಡಿದುಕೊಂಡು ಬಗ್ಗಿ, ಕಣ್ಣಿಟ್ಟು, “ಕಾಣ್ತದೆ ಬುಡು, ಚೆನ್ನಾಗದೆ” ಅಂದರು. ಪಕ್ಕದಲ್ಲೇ ನಿಂತಿದ್ದ ನನಗೆ ಎಲ್ಲ ಗೊತ್ತಾಯಿತು. ಟೆಲಿಸ್ಕೋಪಿಗೆ ಇಟ್ಟಿದ್ದ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿದ್ದರು. ತೆರೆದಿದ್ದು ಇನ್ನೊಂದು ಕಣ್ಣು, ಅದು ನಮ್ಮ ನೀರಿನ ಟ್ಯಾಂಕನ್ನು ನೋಡುತ್ತಿತ್ತು. ನಗು ಬಂತು, ಸಂಕಟವೂ ಆಯಿತು. ಸೊಸೆ ಬೇಜಾರು ಮಾಡಿಕೊಳ್ಳಬಾರದೆಂದು ಪಾಪ, ಕಾಣದ ಗುರುವನ್ನು ಕಂಡಿದ್ದರು. ಹೊಸ ಟೆಲಿಸ್ಕೋಪ್ ತರಬೇಕು, ಅದರಲ್ಲಿ ಅತ್ತೆಗೆ ನಿಜವಾಗಿ ಕಾಣಬೇಕು ಎಂದು ಅವತ್ತೇ ನಿಶ್ಚಯಿಸಿದೆ.

ಆಮೇಲೆ ಮನೆಯಲ್ಲಿ ಬೇರೆ ಮಾತೇ ಇಲ್ಲ. ನನ್ನವರು ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಯಂತ್ರಗಳ ನಡುವೆಯೇ ಕೆಲಸ ಮಾಡುವವರು, ಮನೆಗೂ ಒಂದು ಯಂತ್ರವೇ ಬರಬೇಕು ಎಂಬುದು ಅವರ ಆಸೆ. ಮೊಬೈಲಿನಲ್ಲಿ ಗ್ರಹದ ಹೆಸರು ಒತ್ತಿದರೆ ತಾನೇ ಗಿರ್ರನೆ ತಿರುಗಿ ಹುಡುಕುವ ಟೆಲಿಸ್ಕೋಪನ್ನು ಅವರು ಮೆಚ್ಚಿದ್ದರು. ಸತ್ಯ ಹೇಳಬೇಕೆಂದರೆ ನನಗೂ ಬಾಯಲ್ಲಿ ನೀರೂರಿತ್ತು. ಅಷ್ಟರಲ್ಲಿ ಕುಣಿಗಲ್ಲಿನ ಕಾಲೇಜು ಮೇಷ್ಟ್ರೊಬ್ಬರ ಹತ್ತಿರ ಅಂಥದ್ದೂ ಇದೆ, ಇನ್ನೊಂದು ಬಗೆಯದೂ ಇದೆ, ಎರಡರಲ್ಲಿ ಒಂದನ್ನು ಮಾರುತ್ತಾರೆ ಎಂದು ತಿಳಿಯಿತು. ಭಾನುವಾರ ಸಂಜೆಯೇ ಹೊರಟೆವು.

ಅವರ ಮನೆಯ ಮಾಳಿಗೆಯ ಮೇಲೆ ಮೊದಲು ಯಂತ್ರದ ಸರದಿ. ಅದಕ್ಕೆ ದಿಕ್ಕು ಹೇಳಿಕೊಡಬೇಕು, ಎರಡು ನಕ್ಷತ್ರ ತೋರಿಸಬೇಕು, ಮೊಬೈಲಿಗೆ ಜೋಡಿಸಬೇಕು. ನನ್ನವರ ಮುಖದಲ್ಲಿ ಮದುವೆಯ ದಿನವೂ ಕಾಣದ ಕಳೆ ಇತ್ತು. ಆದರೆ ಮತ್ತೆ ಅದೇ ಮೂರು ಕಾಲಿನ ಸ್ಟ್ಯಾಂಡು, ಮತ್ತೆ ಬಗ್ಗಿ ನೋಡುವ ಕಷ್ಟ. ನನಗೆ ಅತ್ತೆಯ ಮಂಡಿಯೇ ಕಣ್ಮುಂದೆ ಬಂತು.

ಇನ್ನೊಂದನ್ನು ನೋಡಿದರೆ ನಗು ಬರುವಂತಿತ್ತು. ಎಂಟು ಇಂಚಿನ ಕನ್ನಡಿ ಕೂರಿಸಿದ ದಪ್ಪ ಕೊಳವೆ. ಸ್ಟ್ಯಾಂಡೇ ಇಲ್ಲ, ನೆಲದ ಮೇಲೆ ಕುಳಿತ ಒಂದು ಮರದ ಪೆಟ್ಟಿಗೆ. ಕೊಳವೆಯ ಬಾಯಿ ಅಗಲವಿದ್ದಷ್ಟೂ ಬೆಳಕು ಹೆಚ್ಚು ಹಿಡಿಯುತ್ತದೆ, ಪವರ್ ಮಾತು ಆಮೇಲೆ ಎಂದು ಮೇಷ್ಟ್ರು ವಿವರಿಸಿದರು. ನಾನು ಸ್ಟೂಲಿನ ಮೇಲೆ ಆರಾಮಾಗಿ ಕೂತು ಕಣ್ಣಿಟ್ಟೆ. ಗುರು ಬಂಡೆಯಂತೆ ನಿಂತಿದ್ದ, ಮೈಮೇಲೆ ಎರಡು ಪಟ್ಟಿ. ಭೂಮಿ ತಿರುಗುತ್ತಿರುವುದರಿಂದ ಅವನು ಮೆಲ್ಲಗೆ ಅಂಚಿಗೆ ಜಾರುತ್ತಿದ್ದ, ನಾವೇ ಕೈಯಿಂದ ತಳ್ಳಿ ಹಿಂಬಾಲಿಸಬೇಕಿತ್ತು. ತಳ್ಳಿದೆ. ಕೆಳಗಿನ ಹಲಗೆ ಕದಲಲಿಲ್ಲ, ನಡುವಿನ ಗೂಟದ ಸುತ್ತ ಮೇಲಿನದಷ್ಟೇ ತಿರುಗಿತು. ಅದು ಸಾಕ್ಷಾತ್ ರಾಗಿಕಲ್ಲು. ಹೊಸದಾಗಿ ಮದುವೆಯಾಗಿ ಬಂದಾಗ ಮನೆಮಂದಿಗೆಲ್ಲ ರಾಗಿ ಬೀಸಿದ ಕಥೆಯನ್ನು ಅತ್ತೆ ನನಗೆ ಎಷ್ಟು ಸಲ ಹೇಳಿಲ್ಲ. ನನಗೆ ಕುಣಿಯುವಷ್ಟು ಖುಷಿಯಾಯಿತು. ಇದೇ ಬೇಕು ಎಂದು ಹಟ ಹಿಡಿದೆ. ನನ್ನವರು ಒಂದು ನಿಟ್ಟುಸಿರು ಬಿಟ್ಟು ಕಾರಿನ ಹಿಂದಿನ ಸೀಟು ಖಾಲಿ ಮಾಡಿದರು.

ಮುಂದಿನ ಶನಿವಾರ ಗುಬ್ಬಿ ದಾಟಿ ಸಿ.ಎಸ್. ಪುರಕ್ಕೆ ಹೋದೆವು. ಕೊಳವೆ ನೋಡಿ ಅತ್ತೆ ಸೋಲಾರ್ ಹಂಡೆ ತಂದಿರಾ ಎಂದು ಕೇಳಿದರು. ನಾನೋ, ಊರಿನಲ್ಲೇ ಅತಿ ಕತ್ತಲೆಯ ಜಾಗ ಬೇಕೆಂದು ಅದನ್ನು ತೋಟದ ಮಧ್ಯಕ್ಕೆ ಹೊರಿಸಿದೆ. ಇಟ್ಟು ತಲೆ ಎತ್ತಿದರೆ ಆಕಾಶವೇ ಇಲ್ಲ, ಬರೀ ತೆಂಗಿನ ಗರಿ. ಗರಿ ನೋಡಲು ಇಷ್ಟು ದೊಡ್ಡದು ಯಾಕೆ ಎಂದು ಭಾವನವರು ರೇಗಿಸಿದರು. ಗೊಣಗುತ್ತಲೇ ಅದನ್ನು ಮನೆ ಹಿಂದಿನ ಸಿಮೆಂಟಿನ ಕಣಕ್ಕೆ ಸಾಗಿಸಿದರು. ಕಣದ ಮೇಲೆ ಪೂರ್ವದ ಆಕಾಶ ಪೂರ್ತಿ ತೆರೆದಿತ್ತು.

ಅವರೆಕಾಯಿ ಬಿಡಿಸುತ್ತಿದ್ದ ಅತ್ತೆಯನ್ನು ಕರೆತಂದು ಕುರ್ಚಿಯಲ್ಲಿ ಕೂರಿಸಿದೆ. ಗುರು ಜಾರುತ್ತಾನೆ, ರಾಗಿಕಲ್ಲಿನ ಹಾಗೆ ಹಗುರವಾಗಿ ತಳ್ಳಿ ಅಂದೆ. ಅಷ್ಟೇ ಹೇಳಿದ್ದು. ಅವನ ಪಕ್ಕದ ನಾಲ್ಕು ಚಂದ್ರರ ವಿಷಯ ಬೇಕೆಂದೇ ಬಾಯಿ ಬಿಡಲಿಲ್ಲ.

ಅತ್ತೆ ಕಣ್ಣಿಟ್ಟರು. ಆ ಕಣ್ಣು ತೆರೆದಿದೆಯೇ ಎಂದು ನೋಡಲು ನನಗೆ ಧೈರ್ಯ ಬರಲಿಲ್ಲ. ಆಮೇಲೆ ಅವರ ಕೈ ಮೇಲೆದ್ದು ಕೊಳವೆಯನ್ನು ಇಷ್ಟೇ ಇಷ್ಟು ತಳ್ಳಿತು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಸಲ.

“ದೊಡ್ಡುದ್ರ ಪಕ್ಕದಲ್ಲಿ ಸಣ್ ಸಣ್ಣವು ಅವಲ್ಲವ್ವ, ಈ ಕಡೆ ಮೂರು, ಆ ಕಡೆ ಒಂದು,” ಅಂದರು. “ಆ ಒಂಟಿದು ಯಾಕೆ ಅಷ್ಟು ದೂರ ನಿಂತದೆ?”

ನನಗೆ ಕಣ್ಣು ತುಂಬಿ ಬಂತು. ಅದನ್ನು ಮರೆಮಾಚಲು, ನನಗೂ ಸ್ವಲ್ಪ ಬಿಡಿ ಅತ್ತೆ ಎಂದು ಕೇಳಿದೆ. ಅವರು ಕುರ್ಚಿ ಬಿಡಲಿಲ್ಲ.

“ತಡಿ ಕಣವ್ವ,” ಅಂದರು. “ಹೋದ್ ಸಲದ್ದೂ ಸೇರ್ಸಿ ನೋಡ್ತಾ ಇವ್ನಿ.”