ಅವ್ವನ ಸೋಡಿಯಂ

ಕಳೆದ ವಾರ ಬೆಳಿಗ್ಗೆ ಚಹಾ ಕೊಡಲು ಹೋದ ನನ್ನನ್ನು ಹೆತ್ತವ್ವನೇ ಕೇಳಿದಳು: “ನೀವು ಯಾರ ಪೈಕಿರಿ? ಚಿಮ್ಮಡದಿಂದ ಬಂದೀರೇನು?”

ತಮಾಷೆ ಎಂದುಕೊಂಡೆ. ಆಕೆ ನಗಲಿಲ್ಲ. ಏಳಲು ಹೋಗಿ ಗೋಡೆ ಹಿಡಿದಳು. ಮಗ್ಗದಲ್ಲಿ ಎಳೆ ತಪ್ಪದಂತೆ ಸೀರೆ ನೇಯ್ದ ಕೈಗೆ ಚಹಾದ ಕಪ್ ಹಿಡಿಯಲು ಆಗುತ್ತಿರಲಿಲ್ಲ.

ಪಾರ್ಶ್ವವಾಯುವೇ? ಮರೆವಿನ ಕಾಯಿಲೆಯೇ? (ಗೂಗಲ್ ನೋಡಬಾರದಿತ್ತು. ನೋಡಿದೆ.) ನಮ್ಮ ಬನಹಟ್ಟಿಯಿಂದ ಜಮಖಂಡಿಯ ಆಸ್ಪತ್ರೆ ಎಷ್ಟು ದೂರ? ಅವತ್ತು ದಾರಿ ಮುಗಿಯಲೇ ಇಲ್ಲ. ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಸವಿತಾ ಅವ್ವನ ಕೈ ಹಿಡಿದು ಕೂತಿದ್ದಳು.

ಸ್ಕ್ಯಾನ್ ಆಯಿತು, ರಕ್ತ ಪರೀಕ್ಷೆ ಆಯಿತು. ಡಾಕ್ಟರ್ ಹೊರಗೆ ಬಂದರು.

“ಸ್ಕ್ಯಾನ್ ಛಲೋ ಅದರಿ. ರಕ್ತದಾಗ ಸೋಡಿಯಂ ಭಾಳ ಇಳದದ. ಅಮ್ಮಾರು ಉಪ್ಪು ತಿಂತಾರಿಲ್ಲೋ?”

ಅವ್ವನಿಗೆ ಬಿಪಿ. ಭಜನೆಯ ಗೆಳತಿಯೊಬ್ಬಳು ‘ಉಪ್ಪು ಪೂರಾ ಬಿಡು’ ಎಂದಿದ್ದಳಂತೆ. ಅಂದಿನಿಂದ ಸಪ್ಪನೆ ಪಲ್ಯ, ಸಪ್ಪನೆ ಬ್ಯಾಳಿ. ಬಿಸಿಲೆಂದು ತಂಬಿಗೆಗಟ್ಟಲೆ ನೀರು ಬೇರೆ. ಮೇಲೆ ಬಿಪಿ ಗುಳಿಗೆ. ಅದೂ ಮೈಯ ಉಪ್ಪನ್ನು ಮೂತ್ರದಲ್ಲಿ ಹೊರಹಾಕುವ ಜಾತಿಯದು. ನಾವೋ, ‘ಅವ್ವ ಎಷ್ಟು ಸ್ಟ್ರಿಕ್ಟ್’ ಎಂದು ಬಂದವರ ಮುಂದೆ ಹೊಗಳುತ್ತಿದ್ದೆವು!

“ಉಪ್ಪು ಕಡಿಮಿ ಆದ್ರ ಮಗನ ಗುರ್ತು ಹೆಂಗ ಹೋಗತೈತಿ?” ಕಾರಿಡಾರಿನಲ್ಲಿ ಸವಿತಾಳನ್ನು ಕೇಳಿದೆ. ಅವಳು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ.

“ಸೋಡಿಯಂ ಒಂದು ಎಲೆಕ್ಟ್ರಾನ್ ಕೊಡತೈತಿ, ಕ್ಲೋರಿನ್ ತಗೋತೈತಿ. ಕೊಟ್ಟದ್ದು ಧನ ಅಯಾನು, ತಗೊಂಡದ್ದು ಋಣ ಅಯಾನು. ಒಂದನ್ನೊಂದು ಎಳಕೊಂಡು ಗಟ್ಟಿಯಾಗಿ ಕುಂತ್ರ ಉಪ್ಪಿನ ಹರಳು. ಒಣಾ ಹರಳಿನ್ಯಾಗ ಕರೆಂಟ್ ಹರಿಯಂಗಿಲ್ಲ. ನೀರಾಗ ಹಾಕಿದ್ರ ಬಿಡಿಬಿಡಿ ಆಗಿ ಓಡ್ಯಾಡತಾವ, ಆಗ ಕರೆಂಟ್ ಹರದು ಬಲ್ಬ್ ಹತ್ತತೈತಿ. ನಮ್ಮ ನರದಾಗೂ ಸುದ್ದಿ ಹೋಗೂದು ಇಂಥಾ ಅಯಾನು ಒಳಗ-ಹೊರಗ ಓಡ್ಯಾಡೂದರಿಂದನ.”

ಪಾಠ ಸರಾಗವಾಗಿತ್ತು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಇದ್ದಳು. ಅವಳೂ ಹೆದರಿದ್ದಳು.

ಉಳಿದದ್ದನ್ನು ಡಾಕ್ಟರ್ ಹೇಳಿದರು: “ಸೋಡಿಯಂ ಇಳಿದ್ರ ನೀರು ಮಿದುಳಿನ ಕೋಶದಾಗ ಹೊಕ್ಕು ಬಾವು ಬರತದರಿ. ಅದಕ್ಕ ಈ ಗೊಂದಲ. ಸಾವಕಾಶ ಏರಸೂಣು. ಗಡಿಬಿಡಿ ಮಾಡಿದ್ರ ಅದೂ ಅಪಾಯ.”

ಸಲೈನ್ ಹನಿ ಹನಿಯಾಗಿ ಇಳಿಯಿತು. ಅವ್ವ ಏನೇನೋ ಬಡಬಡಿಸಿದಳು, ಮಲಗಿದಳು. ನಾವು ಬಾಟಲಿ ನೋಡುತ್ತ ಕೂತೆವು.

ಮರುದಿನ ಮಧ್ಯಾಹ್ನ ಪಕ್ಕದ ಹಾಸಿಗೆಯವರನ್ನು ಮಾತಾಡಿಸಲು ಒಬ್ಬ ಹೆಂಗಸು ಬಂದರು. ಅವ್ವ ಕೈ ಚಾಚಿ ಅವರ ಸೆರಗು ಹಿಡಿದಳು. ಮತ್ತೆ ಶುರುವಾಯಿತೇ? ನಾನು ಎದ್ದು ನಿಂತೆ.

“ದಡಿ ಛಲೋ ಅದ,” ಎಂದಳು ಅವ್ವ, ಅಂಚನ್ನು ಬೆರಳಲ್ಲಿ ತಿಕ್ಕುತ್ತ. “ನೂಲು ಅಷ್ಟಕ್ಕಷ್ಟ. ಎಲ್ಲಿ ತಗೊಂಡ್ರಿ?” ಆಮೇಲೆ ನನ್ನತ್ತ ತಿರುಗಿ, “ಯಾಕ್ಲೇ, ಮಾರಿ ಹಿಂಗ್ಯಾಕ ಮಾಡೀ? ಉಂಡೀಯೇನು?”

ಸವಿತಾ ಬಾಗಿಲಾಚೆ ಹೋಗಿ ಮೂಗು ಸೀಟಿಕೊಂಡಳು. ನಾನು ಉಂಡಿರಲಿಲ್ಲ. ಉಂಡೆ ಎಂದೆ.

ಗುಳಿಗೆ ಬದಲಾಗಿದೆ. ಡಾಕ್ಟರ್ ಹೇಳಿದಷ್ಟು ಉಪ್ಪು ಅವ್ವನ ತಾಟಿಗೆ ಬಂದಿದೆ. ಬಿಪಿಯವರು ಉಪ್ಪು ಮಿತಿಯಲ್ಲಿಡಬೇಕು, ಖರೆ. ಆದರೆ ಆ ಮಿತಿ ಎಷ್ಟೆಂದು ನಾವು ಕೇಳುವುದು ಯಾರನ್ನು? ಭಜನೆಯ ಗೆಳತಿಯನ್ನು, ವಾಟ್ಸಪ್ಪನ್ನು, ನೆರೆಮನೆಯವರನ್ನು. ಅಷ್ಟಕ್ಕೂ, ಅವ್ವ ಮಾಡಿದ್ದನ್ನು ಮುಚ್ಚಿಟ್ಟಿರಲಿಲ್ಲ. ದಿನಾ ನಮ್ಮ ಪಕ್ಕದಲ್ಲೇ ಕೂತು ಸಪ್ಪನೆ ಉಂಡಿದ್ದಳು.

ನಿಮ್ಮ ಮನೆಯ ಹಿರಿಯರು ಈಚೆಗೆ ಏನೇನು ಬಿಟ್ಟಿದ್ದಾರೆ, ಕೇಳಿದ್ದೀರಾ?